ಸವತಿದೊಡ್ಡಿಗೆ ಆ ಹೆಸರು ಬಂದ ಬಗೆ

ಮುತ್ತುಗದುರ್ಗದ ಕೋಟೆಯ ಪಡುವಣ ಬಾಗಿಲು ದಾಟಿ, ಹುಣಸೆಮರಗಳ ಸಾಲು ಮುಗಿದ ಮೇಲೆ ಎಡಕ್ಕೆ ಒಂದು ಕಲ್ಲಿನ ಆವರಣ ಸಿಗುತ್ತದೆ. ಆಳೆತ್ತರದ ಗೋಡೆ ಈಗ ಮೂರು ಕಡೆ ಮಾತ್ರ ಉಳಿದಿದೆ. ನಾಲ್ಕನೆಯ ಕಡೆಯದನ್ನು ಊರಿನವರೇ ದನದ ಕೊಟ್ಟಿಗೆ ಕಟ್ಟಲು ಹೊತ್ತುಕೊಂಡು ಹೋದರು, ಸುಳ್ಳೇಕೆ ಹೇಳಬೇಕು. ಒಳಗೆ ಕಲ್ಲಿನ ಬಾನಿಗಳು, ಸರಳು ತೂರಿಸಲು ತೂತು ಕೊರೆದ ಗೂಡುಗಳು, ಕರಡಿ ಬೆನ್ನುಜ್ಜಿ ನುಣುಪು ಮಾಡಿತು ಎನ್ನುವ ಒಂದು ಕಂಬ, ಇಷ್ಟು ಇವೆ. ರಸ್ತೆಯ ಬದಿಯ ನೀಲಿ ಫಲಕದ ಮೇಲೆ ‘ಪಾಳೆಯಗಾರರ ಕಾಲದ ಮೃಗಾಲಯ’ ಎಂದು ಬರೆದಿದ್ದಾರೆ. ಮಕ್ಕಳನ್ನು ಕರೆತರುವ ಮೇಷ್ಟರು ‘ಪ್ರಾಣಿ ಸಂಗ್ರಹಾಲಯ’ ಎಂದು ಬರೆಸುತ್ತಾರೆ, ಮಕ್ಕಳು ‘ಹಳೇ ಜೂ’ ಎಂದು ಕೂಗುತ್ತ ಗೋಡೆ ಹತ್ತುತ್ತವೆ. ಇತಿಹಾಸ ಓದಿಕೊಂಡು ಬಂದವರಂತೂ ಇದು ಮೃಗಶಾಲೆಯೋ ಮೃಗವಾಟಿಕೆಯೋ ಎಂದು ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತು ವಾದ ಹೂಡುತ್ತಾರೆ. ಅವರವರ ನಾಲಿಗೆ, ಅವರವರ ಇಷ್ಟ. ಆದರೆ ಇಲ್ಲಿಗೆ ಬರುವ ಬಸ್ಸಿನ ಕಂಡಕ್ಟರನಿಗೆ ‘ಮೃಗಾಲಯದ ಹತ್ತಿರ ಇಳಿಸಪ್ಪಾ’ ಎಂದು ಹೇಳಿ ನೋಡಿ, ಅವನು ನಿಮ್ಮನ್ನು ಮೈಸೂರಿನ ಬಸ್ಸು ಹತ್ತಿಸಿಯಾನು. ಈ ಸೀಮೆಯಲ್ಲಿ ಆ ಜಾಗಕ್ಕೆ ಇರುವುದು ಒಂದೇ ಹೆಸರು, ಸವತಿದೊಡ್ಡಿ.

ದೊಡ್ಡಿ ಎಂದರೆ ದನಕರು ಕೂಡಿಹಾಕುವ ಜಾಗ, ಅದು ಎಲ್ಲರಿಗೂ ಗೊತ್ತು. ಸವತಿ ಎಂದೊಡನೆ ಮಾತ್ರ ಹೊಸಬರ ಕಿವಿ ನೆಟ್ಟಗಾಗುತ್ತದೆ. ಓಹೋ, ನಾಯಕನಿಗೆ ಇಬ್ಬರು ಹೆಂಡಿರಿದ್ದರು, ಹಿರಿಯಳು ಕಿರಿಯಳನ್ನು ದೊಡ್ಡಿಗೆ ಅಟ್ಟಿದಳು ಎಂದು ತಾವೇ ಕಥೆ ಕಟ್ಟಿಕೊಂಡು ಹೋಗುತ್ತಾರೆ. ಶುದ್ಧ ಸುಳ್ಳು. ದುರ್ಗವನ್ನಾಳಿದ ಕಾಟಪ್ಪ ನಾಯಕನಿಗೆ ಇದ್ದವಳು ಒಬ್ಬಳೇ ಹೆಂಡತಿ, ಮಲ್ಲಾಜಮ್ಮ ನಾಗತಿ. ನಾಯಕನ ಹೆಂಡತಿಯನ್ನು ನಾಗತಿ ಎನ್ನುವುದು ಇಲ್ಲಿಯ ರೂಢಿ. ಇನ್ನೊಬ್ಬ ಹೆಂಗಸಿನ ಕಡೆ ಅವನು ಕಣ್ಣೆತ್ತಿ ನೋಡಿದವನೂ ಅಲ್ಲ. ಹಾಗಿದ್ದೂ ಆ ನಾಗತಿ ಅನುಭವಿಸಿದ ಸವತಿಸಂಕಟವನ್ನು ಈ ಸೀಮೆಯಲ್ಲಿ ಬೇರೆ ಯಾವ ಹೆಣ್ಣೂ ಅನುಭವಿಸಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಮುತ್ತುಗದುರ್ಗಕ್ಕೆ ತನ್ನದೇ ಸೈನ್ಯ, ತನ್ನದೇ ಗಡಿ ಇದ್ದ ಕಾಲದಲ್ಲಿ, ಮಲ್ಲಾಜಮ್ಮ ಈ ಕೋಟೆಗೆ ಸೊಸೆಯಾಗಿ ಬಂದಳು. ನಾಯಕನಂತೆ ಅವಳೂ ಬೇಡರ ಮನೆಯವಳು. ಬಲೆ, ಬಿಲ್ಲು, ಬೇಟೆನಾಯಿಗಳ ನಡುವೆಯೇ ಬೆಳೆದವಳು. ಗಂಡಹೆಂಡಿರ ಅನ್ಯೋನ್ಯ ಹೇಗಿತ್ತೆಂದರೆ, ನಾಯಕ ಬೇಟೆಯಿಂದ ಬಂದರೆ ಮೊದಲು ಕಾಲಿಡುತ್ತಿದ್ದುದು ಅವಳ ಜಗುಲಿಗೆ. ಹೆಗಲ ಕಂಬಳಿಯನ್ನು ಅವಳ ಮೇಲೆ ಎಸೆದು, ‘ಬಾರೇ ನನ್ನ ಹೊನ್ನೀ, ಹಸಿವು ಹಸಿವು’ ಎಂದು ಮಗುವಿನಂತೆ ಕೂಗುತ್ತಿದ್ದ. ಅವಳ ತಟ್ಟೆಗೇ ಕೈಯಿಕ್ಕಿ ಉಣ್ಣುತ್ತಿದ್ದ. ಮಕ್ಕಳಾಗಲಿಲ್ಲ ಎಂಬ ಕೊರತೆ ಇಬ್ಬರಿಗೂ ಇತ್ತು. ಆದರೆ ಬೇರೊಂದು ಮದುವೆಯಾಗಿ ಎಂದು ಹಿರಿಯರು ಹೇಳಿದಾಗಲೆಲ್ಲ ನಾಯಕ ಎದ್ದು ಹೋಗುತ್ತಿದ್ದ. ನಾಗತಿಗೆ ಅದು ದೊಡ್ಡ ಹೆಮ್ಮೆ. ಆ ಹೆಮ್ಮೆಯನ್ನು ಅವಳು ಮೂಗುತಿಯ ಹಾಗೆ ಎಲ್ಲರಿಗೂ ಕಾಣುವಂತೆ ಧರಿಸಿಕೊಂಡೇ ಓಡಾಡುತ್ತಿದ್ದಳಂತೆ.

ಒಂದು ಬೇಟೆಯಲ್ಲಿ ತಾಯಿ ಸತ್ತ ಹುಲ್ಲೆಮರಿಯೊಂದು ನಾಯಕನ ಕೈಗೆ ಸಿಕ್ಕಿತು. ಹುಲ್ಲೆ ಎಂದರೆ ಬಯಲಿನ ಜಿಂಕೆ. ಇದು ಹೆಣ್ಣು, ಇನ್ನೂ ಮೊಲೆ ಬಿಡದ ಮರಿ. ಅದನ್ನು ದೀಮವಾಗಿ ಬೆಳೆಸೋಣ ಎಂದು ಅವನಿಗೆ ಮನಸ್ಸಾಯಿತು. ಕಾಡಿನ ಮಿಗಗಳನ್ನು ಸೆಳೆದು ತರಲು ಪಳಗಿಸಿದ ಮಿಗಕ್ಕೆ ಬೇಡರು ದೀಮ ಎನ್ನುತ್ತಾರೆ. ಅದನ್ನು ಕಾಡಿಗೆ ಬಿಟ್ಟರೆ ಅದು ಹಿಂಡಿನೊಳಗೆ ಸೇರಿ, ಹಿಂಡನ್ನೇ ಬೆನ್ನಿಗೆ ಕಟ್ಟಿಕೊಂಡು ಸಾಕಿದವನ ಬಳಿಗೆ ಮರಳುತ್ತದೆ. ಹಾಗೆ ಮರಳಬೇಕಾದರೆ ಅದನ್ನು ಬೆಳೆಸುವ ಕಟ್ಟಳೆ ಬಲು ಬಿಗಿ. ಒಂದೇ ಕೈ ತಿನ್ನಿಸಬೇಕು. ಸಾಕುವವನು ತನ್ನ ಕಂಬಳಿಯನ್ನು ಮರಿಗೆ ಹಾಸಬೇಕು, ತಾನೂ ಅದರ ಮೇಲೆಯೇ ಮಲಗಬೇಕು, ಆ ವಾಸನೆಯೇ ಅದಕ್ಕೆ ತಾಯಿ. ಇನ್ನೊಬ್ಬರ ಕೈಯಿಂದ ಅದು ನೀರನ್ನೂ ಕುಡಿಯಬಾರದು. ನಾಯಕನಾದವನು ಇಂಥ ಕೆಲಸವನ್ನು ಆಳುಗಳಿಗೆ ವಹಿಸುವುದುಂಟು. ಮಿಗಗಳನ್ನು ನೋಡಿಕೊಳ್ಳಲು ಚಿತ್ತಯ್ಯ ಎಂಬ ಮುದುಕ ಇದ್ದೇ ಇದ್ದ. ಆದರೆ ಕಾಟಪ್ಪ ನಾಯಕ, ‘ಇದನ್ನು ನಾನೇ ಬೆಳೆಸುತ್ತೇನೆ’ ಎಂದುಬಿಟ್ಟ. ಅಂದಿನಿಂದ ಅವನ ಕಂಬಳಿ ನಾಗತಿಯ ಮಂಚ ಬಿಟ್ಟು ದೊಡ್ಡಿ ಸೇರಿತು. ಕಂಬಳಿಯ ಹಿಂದೆ ನಾಯಕನೂ ಹೋದ.

ಮೊದಮೊದಲು ನಾಗತಿ ನಕ್ಕಳು. ಮರಿಯಲ್ಲವೇ, ನಾಲ್ಕು ದಿನದ ಹುಚ್ಚು ಎಂದುಕೊಂಡಳು. ಮರಿ ಬೆಳೆದು ನವಿರಾದ ಮೈಯ ಹುಲ್ಲೆಯಾಯಿತು, ಹುಚ್ಚು ಮಾತ್ರ ಇಳಿಯಲಿಲ್ಲ. ಉಣ್ಣಲು ಬಂದ ನಾಯಕನ ಹೆಗಲ ಮೇಲೆ ಕಂದುಬಣ್ಣದ ಕೂದಲು ಅಂಟಿರುತ್ತಿತ್ತು. ಅವಳು ಒಂದೊಂದನ್ನೇ ಹೆಕ್ಕಿ ಎಸೆಯುತ್ತಿದ್ದಳು. ಅವನು ಅರ್ಧ ಉಂಡು ಉಳಿದ ನವಣೆ ರೊಟ್ಟಿಯನ್ನು ಬಗಲಲ್ಲಿಟ್ಟುಕೊಂಡು ಎದ್ದರೆ ಅವಳ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಒಂದು ದಿನ ಅವನನ್ನು ಹುಡುಕಿಕೊಂಡು ದೊಡ್ಡಿಯ ಬಾಗಿಲ ತನಕ ಹೋದಳು. ಒಳಗಿನಿಂದ ಅವನ ದನಿ ಕೇಳಿತು: ‘ಬಾರೇ ನನ್ನ ಹೊನ್ನೀ.’ ನಾಗತಿ ಕ್ಷಣ ಹೊತ್ತು ತನ್ನನ್ನೇ ಕರೆದನೆಂದು ಬಾಗಿಲಿಗೆ ಕೈಯಿಟ್ಟಳು. ಆಮೇಲೆ ಗೊರಸಿನ ಸದ್ದು ಕೇಳಿತು. ಅಯ್ಯೋ ಶಿವನೇ! ಮನೆ ಹೋಯಿತು, ಮಂಚ ಹೋಯಿತು, ಕೊನೆಗೆ ಹೆಸರನ್ನೂ ಎತ್ತಿ ಅವಳಿಗೇ ಕೊಟ್ಟನಲ್ಲ ಎಂದು ಅವಳು ಅಲ್ಲೇ ಗೋಡೆಗೆ ಒರಗಿ ಅತ್ತಳಂತೆ. ಆ ಹುಲ್ಲೆಯನ್ನು ಅವಳು ಮೊದಲ ಸಲ ಸವತಿ ಎಂದದ್ದು ಆವತ್ತು.

ಹೊಟ್ಟೆಕಿಚ್ಚಿಗೆ ತಣ್ಣೀರು ಬಟ್ಟೆ ಹಾಕಿಕೊಂಡರೆ ಆರುವುದುಂಟೇ? ನಾಯಕ ನೆರೆಸೀಮೆಯ ಮದುವೆಗೆ ಹೋದ ಸಮಯ ನೋಡಿ, ನಾಗತಿ ಬೆಳಗಿನ ಹೊತ್ತು ದೊಡ್ಡಿಗೆ ಹೋಗಿ ಅಲ್ಲಿ ಹಾಸಿದ್ದ ಅವನ ಕಂಬಳಿಯನ್ನು ತಾನೇ ಹೊದ್ದಳು. ಚಿತ್ತಯ್ಯ ನೀರಿಗೆ ಹೋಗಿದ್ದ. ಹುಲ್ಲೆ ಕಂಬಳಿಯ ವಾಸನೆ ಹಿಡಿದು ಅವಳ ಹಿಂದೆಯೇ ಬಂತು. ಹಳ್ಳ ದಾಟಿ, ಹುಲ್ಲುಬಯಲು ದಾಟಿ, ಹುಲ್ಲೆಗಳ ಹಿಂಡು ಮೇಯುವ ಮಾಳದ ತನಕ ನಡೆಸಿಕೊಂಡು ಹೋಗಿ, ಕಂಬಳಿ ಮಡಿಸಿ ಬಗಲಲ್ಲಿಟ್ಟು, ಕಲ್ಲು ಎತ್ತಿ ಬೀಸಿದಳು. ‘ಹೋಗೇ, ನಿನ್ನ ಬಳಗ ಅಲ್ಲೈತೆ, ಹೋಗು! ನನ್ನ ಗಂಡನ್ನ ನನಗೆ ಬಿಡು!’ ಹುಲ್ಲೆ ಬೆದರಿ ಹಿಂಡಿನ ಕಡೆ ಓಡಿತು. ನಾಗತಿ ಮನೆಗೆ ಬಂದು ಎಣ್ಣೆನೀರು ಹಾಕಿಕೊಂಡಳು, ಹೊಟ್ಟೆ ತುಂಬ ಉಂಡಳು, ಬಹಳ ದಿನಗಳ ಮೇಲೆ ಸುಖವಾಗಿ ನಿದ್ದೆ ಮಾಡಿದಳು.

ಬೇಡರ ಮನೆಯ ಮಗಳು ಮಾಡುವ ಕೆಲಸವೇ ಅದು! ದೀಮವನ್ನು ಕಾಡಿಗೆ ಬಿಟ್ಟರೆ ಏನಾಗುತ್ತದೆ ಎಂದು ಬೇಡರ ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಹೊಟ್ಟೆಕಿಚ್ಚು ಹೊತ್ತಿಕೊಂಡಾಗ ಕಲಿತದ್ದೆಲ್ಲ ಮೊದಲು ಸುಟ್ಟುಹೋಗುತ್ತದೆ. ನಾಯಕ ಮದುವೆಯಿಂದ ಮರಳಿದ ದಿನವೇ, ಬಿಸಿಲು ಇಳಿಯುವ ಹೊತ್ತಿಗೆ, ಹಳ್ಳದ ಕಡೆಯಿಂದ ಧೂಳೆದ್ದಿತು. ಮುಂದೆ ಹೊನ್ನಿ, ಹಿಂದೆ ತಿರುಚುಗೊಂಬಿನ ಕರಿಯ ಗಂಡು, ಅದರ ಹಿಂದೆ ಇಡೀ ಹಿಂಡು! ಹೊನ್ನಿ ನೆಟ್ಟಗೆ ದೊಡ್ಡಿಯೊಳಗೆ ನುಗ್ಗಿ ನಾಯಕನ ಬಗಲಿಗೆ ಮೂಗು ತೂರಿಸಿ ನಿಂತಿತು. ಚಿತ್ತಯ್ಯ ಓಡಿಬಂದು ಬಾಗಿಲು ಎಳೆದ. ನಾಯಕ ಆನಂದದಿಂದ ಕುಣಿದುಬಿಟ್ಟ. ‘ನೋಡಿದೆಯಾ ನಾಗತಿ, ನಾನು ಕಳಿಸಲೇ ಇಲ್ಲ, ನನ್ನ ಹೊನ್ನಿ ತಾನಾಗಿಯೇ ಹೋಗಿ ಬಳಗವನ್ನೇ ಕರೆತಂದಿದ್ದಾಳೆ!’ ಎಂದ. ನಾಗತಿಯೋ, ಕಳ್ಳನಿಗೆ ಚೇಳು ಕುಟುಕಿದಂತೆ ತುಟಿ ಕಚ್ಚಿಕೊಂಡು ನಿಂತಳು. ಒಬ್ಬಳು ಸವತಿಯನ್ನು ಅಟ್ಟಲು ಹೋಗಿ ಒಂದು ಹಿಂಡು ಸವತಿಯರನ್ನು ಮನೆಗೆ ತುಂಬಿಸಿಕೊಂಡಿದ್ದಳು.

ಅಷ್ಟಕ್ಕೇ ಬುದ್ಧಿ ಬಂತೇ? ಇಲ್ಲ. ದೂರ ಸಾಲಲಿಲ್ಲವೆಂದು ಇನ್ನೊಮ್ಮೆ ಹೊನ್ನಿಯನ್ನು ಕಮಾನಿನ ಗಾಡಿಯಲ್ಲಿ ಕೂರಿಸಿಕೊಂಡು ಗುಡ್ಡದಾಚೆ ಬಿಟ್ಟುಬಂದಳು. ಆ ಸಲ ಇನ್ನೂ ದೊಡ್ಡ ಹಿಂಡು ಬಂತು, ಜೊತೆಯಲ್ಲಿ ದಾರಿತಪ್ಪಿದ ಒಂದು ಕಡವೆಮರಿಯೂ ಇತ್ತು. ನಾಯಕ ಗೋಡೆ ಎತ್ತರಿಸಿದ, ಬಾನಿ ಕೊರೆಸಿದ. ಇಷ್ಟು ಮಿಗಗಳಿರುವಾಗ ಚಿರತೆ ಏಕಿರಬಾರದು, ಕರಡಿ ಏಕಿರಬಾರದು ಎಂದು ಸರಳಿನ ಗೂಡುಗಳನ್ನು ಕಟ್ಟಿಸಿದ. ನವಿಲು ಬಂದವು, ಮುಂಗುಸಿ ಬಂತು, ಎಲ್ಲಿಂದಲೋ ಒಂದು ಮುದಿ ಸಿಂಹವನ್ನೂ ತಂದರು ಎನ್ನುವವರಿದ್ದಾರೆ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪರಸೀಮೆಯ ಜನ ಬುತ್ತಿ ಕಟ್ಟಿಕೊಂಡು ನೋಡಲು ಬರತೊಡಗಿದರು. ಒಟ್ಟಿನಲ್ಲಿ, ಫಲಕದಲ್ಲಿ ಮೃಗಾಲಯ ಎಂದು ಬರೆದಿದ್ದಾರಲ್ಲ, ಅದನ್ನು ಕಟ್ಟಿಸಿದವನು ಕಾಟಪ್ಪ ನಾಯಕನಾದರೂ ತುಂಬಿಸಿದವಳು ಹೊಟ್ಟೆಕಿಚ್ಚಿನ ನಾಗತಿ.

ಇಷ್ಟು ದೊಡ್ಡದಾದ ಮೇಲೆ ಅದಕ್ಕೊಂದು ಘನವಾದ ಹೆಸರು ಬೇಡವೇ? ಬಾಗಿಲ ಮೇಲೆ ಕೆತ್ತಿಸಲು ಹೆಸರು ಹೇಳಿ ಎಂದು ನಾಯಕ ಸಭೆ ಸೇರಿಸಿ ಆಸ್ಥಾನದ ಶಂಭುಭಟ್ಟರನ್ನು ಕೇಳಿದ. ಭಟ್ಟರು ಸಂತೋಷದಿಂದ ಹೆಸರುಗಳ ಗಂಟು ಬಿಚ್ಚಿದರು. ಆನೆಗೆ ಗಜಶಾಲೆ, ಕುದುರೆಗೆ ಅಶ್ವಶಾಲೆ ಇದ್ದಂತೆ ಇದು ಮೃಗಶಾಲೆಯಾಗಬಹುದು. ಹಕ್ಕಿ ಮುಂಗುಸಿಗಳೂ ಇರುವುದರಿಂದ ಜಂತುಶಾಲೆ ಎಂದರೂ ಸರಿ. ಮರಗಿಡಗಳಿರುವುದರಿಂದ ಮೃಗವಾಟಿಕೆ ಎಂದರೆ ಕಿವಿಗೆ ಇಂಪು. ಎಲ್ಲಕ್ಕಿಂತ ಮೃಗಾಲಯ ಎಂದರೆ ಗಂಭೀರ, ದೇವರಿಗೆ ದೇವಾಲಯ ಇದ್ದಂತೆ ಎಂದರು. ಮೃಗ ಎಂದರೆ ಬರಿಯ ಜಿಂಕೆಯಲ್ಲವೇ ಎಂದು ಯಾರೋ ತಕರಾರು ತೆಗೆದರು. ಭಟ್ಟರು ಮೂಗಿಗೆ ನಶ್ಯವೇರಿಸಿ, ‘ಜಿಂಕೆಯೂ ಹೌದು, ಕಾಡಿನ ಸಕಲ ಜೀವವೂ ಹೌದು. ಮನುಷ್ಯ ಯಾವುದನ್ನು ಅರಸಿಕೊಂಡು ಹೋಗುತ್ತಾನೋ ಅದು ಮೃಗ. ಅರಸುವುದು ಎಂಬುದೇ ಆ ಮಾತಿನ ಬೇರು’ ಎಂದು ವಿವರಿಸಿದರು.

ಪಕ್ಕದಲ್ಲಿ ಕುಳಿತಿದ್ದ ನಾಗತಿಗೆ ಇಷ್ಟು ಕಾಲ ಒಳಗೇ ಬೇಯುತ್ತಿದ್ದುದು ಆಗ ಉಕ್ಕಿತು. ‘ಅರಸಿಕೊಂಡು ಹೋಗುವುದು ಮೃಗವಾದರೆ ನಾನಂತೂ ಮೃಗವಲ್ಲ ಬಿಡಿ ಭಟ್ಟರೇ. ನನ್ನನ್ನು ಅರಸಿಕೊಂಡು ಬಂದವರನ್ನು ಕಂಡು ಎಷ್ಟು ಕಾಲವಾಯಿತೋ! ಆಲಯವಂತೆ, ಆಲಯ. ಅದು ಆಲಯವಾದರೆ ನಾನಿರುವ ಮನೆಗೆ ಏನನ್ನುತ್ತೀರಿ? ಅಷ್ಟೆಲ್ಲ ಕಷ್ಟಪಡಬೇಡಿ. ಸವತಿದೊಡ್ಡಿ ಅಂತ ಕೆತ್ತಿಸಿ!’ ಎಂದಳು. ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ನಾಯಕನೂ ತೊಡೆ ತಟ್ಟಿಕೊಂಡು ನಕ್ಕ. ಅವಳು ಹಾಸ್ಯ ಮಾಡಿದಳೆಂದೇ ಅವನು ತಿಳಿದ. ಆ ನಗು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಕೊನೆಗೆ ಬಾಗಿಲಿಗೆ ಮೃಗಶಾಲೆ ಎಂದೇ ಕೆತ್ತಿಸಿದರು, ಆ ಕಲ್ಲೂ ಮುಂದೆ ನಾಲ್ಕನೆಯ ಗೋಡೆಯ ಜೊತೆ ಯಾರದೋ ಕೊಟ್ಟಿಗೆ ಸೇರಿತು. ಆದರೆ ಸಭೆ ಮುಗಿಯುವಷ್ಟರಲ್ಲಿ ಮಾತು ಕುದುರೆಲಾಯಕ್ಕೆ, ಬಾವಿಕಟ್ಟೆಗೆ, ಸಂತೆಗೆ ಹರಿದಿತ್ತು. ಕಲ್ಲಿನ ಮೇಲಿನ ಹೆಸರನ್ನು ಓದಬಲ್ಲವರು ಕೆಲವರೇ. ಬಾಯಿಯ ಹೆಸರು ಎಲ್ಲರದ್ದಾಯಿತು.

ಅದಾದ ಮೇಲಿನ ಬೇಸಿಗೆಯಲ್ಲಿ ಗಡಿಯಾಚೆಯ ಪಾಳೆಯಗಾರನೊಡನೆ ಯುದ್ಧ ಬಂತು. ನಾಯಕ ಕಂಬಳಿ ಹೆಗಲಿಗೆ ಹಾಕಿಕೊಂಡು, ಕುದುರೆ ಹತ್ತುವ ಮೊದಲು ನಾಗತಿಯ ಜಗುಲಿಗೆ ಬಂದ. ಎಷ್ಟೋ ದಿನಗಳ ಮೇಲೆ ಬಂದಿದ್ದ. ಅವಳ ಎದೆ ಹಿಗ್ಗಿತು. ಆರತಿಯ ತಟ್ಟೆ ಹಿಡಿದು ಎದುರಿಗೆ ಬಂದಳು. ಅವನು ಅವಳ ಮುಖ ನೋಡಿ, ‘ನಾಗತೀ, ನಾನು ಬರುವ ತನಕ ಹೊನ್ನಿಯನ್ನು ನೋಡಿಕೋ. ಬೇರೆಯವರ ಕೈಯಲ್ಲಿ ಅವಳು ತಿನ್ನುವುದಿಲ್ಲ, ನನ್ನವಳಾದ ನಿನ್ನ ಕೈಯಲ್ಲಾದರೆ ತಿಂದಾಳು’ ಎಂದ. ತಟ್ಟೆ ನೆಲಕ್ಕೆ ಬಿತ್ತು. ‘ಸಾಯಲು ಹೊರಟ ಹೊತ್ತಿನಲ್ಲೂ ಅವಳದ್ದೇ ಚಿಂತೆಯೇ ನಿಮಗೆ? ಹಸಿದು ಸಾಯಲಿ ನಿಮ್ಮ ಹೊನ್ನಿ!’ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಯಕ ಜಗುಲಿ ಇಳಿದು ಕುದುರೆ ಹತ್ತಿ ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯುದ್ಧದಲ್ಲಿ ದುರ್ಗಕ್ಕೆ ಗೆಲುವಾಯಿತು, ನಾಯಕ ಮಾತ್ರ ಮರಳಲಿಲ್ಲ. ಅವನ ಕತ್ತಿ ಮತ್ತು ಕಂಬಳಿಯನ್ನು ಕುದುರೆಯ ಮೇಲೆ ಹೇರಿ ತಂದರು. ಕತ್ತಿಯನ್ನು ನಾಗತಿ ಮೈದುನನ ಮಗನಿಗೆ ಕೊಟ್ಟಳು, ಕಂಬಳಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಅವಳು ಮಾಡಿದ ಮೊದಲ ಅಪ್ಪಣೆ ದೊಡ್ಡಿಯ ಬಾಗಿಲು ತೆಗೆಯುವುದು. ಚಿರತೆ, ಕರಡಿಗಳನ್ನು ಗೂಡಿನಲ್ಲಿ ಹೊತ್ತೊಯ್ದು ಕಾಡಿಗೆ ಬಿಟ್ಟರು. ಹುಲ್ಲೆಗಳ ಹಿಂಡು ಬಯಲಿಗೆ ಹಾರಿತು. ಹೊನ್ನಿ ಮಾತ್ರ ಕದಲಲಿಲ್ಲ. ನಾಯಕ ಮಲಗುತ್ತಿದ್ದ ಜಾಗದಲ್ಲಿ ಮೂಗೂರಿ ಮಲಗಿಬಿಟ್ಟಿತು. ಚಿತ್ತಯ್ಯ ಗರಿಕೆ ಹಿಡಿದ, ಮುಟ್ಟಲಿಲ್ಲ. ನೀರು ಹಿಡಿದ, ಮುಟ್ಟಲಿಲ್ಲ. ಮುದುಕ ನಾಗತಿಯ ಬಾಗಿಲಿಗೆ ಬಂದು ತಲೆಬಗ್ಗಿಸಿ ನಿಂತ.

‘ಅವ್ವಾ, ಹೊನ್ನಿ ಉಳಿಯೋ ಹಂಗಿಲ್ಲ. ಪಕ್ಕೆಲುಬು ಕಾಣ್ತಾವೆ. ಬುದ್ಧಿಯವರ ಕಂಬಳಿ ಒಂದು ದೊರೆತರೆ...’

‘ಕಂಬಳಿ ಅಂದರೆ ನಾಲಿಗೆ ಸೀಳಿಸಿಯೇನು ಚಿತ್ತಯ್ಯ! ಮಂಚ ಕೊಟ್ಟಾಯಿತು, ಗಂಡನನ್ನು ಕೊಟ್ಟಾಯಿತು, ನನಗೆ ಉಳಿದಿರುವುದು ಇದೊಂದು. ಇದನ್ನೂ ಅವಳಿಗೇ ಹಾಸಲೇ?’

ಚಿತ್ತಯ್ಯ ಹೋದ. ನಾಗತಿ ಕಂಬಳಿ ಎದೆಗವುಚಿಕೊಂಡು ಕುಳಿತಳು. ಅವಳು ಬಯಸಿದ್ದು ಈಗ ಅವಳ ಕೈಯಲ್ಲೇ ಇತ್ತು. ಸುಮ್ಮನೆ ಕುಳಿತರೆ ಸಾಕು, ಸವತಿ ತಾನಾಗಿಯೇ ತೊಲಗುತ್ತಿದ್ದಳು. ಹಸಿದು ಸಾಯಲಿ ಎಂದು ಅವಳೇ ಹೇಳಿದ್ದಳಲ್ಲ. ಅವನು ಕೇಳಿಸಿಕೊಂಡು ಹೋದ ಕೊನೆಯ ಮಾತೂ ಅದೇ. ಆ ನೆನಪಿಗೆ ಎದೆ ಒಡೆದು ಕಣ್ಣೀರು ಸುರಿಯಿತು. ಆದರೂ ಏಳಲಿಲ್ಲ, ಅಷ್ಟು ಹಟ. ಹಾಗೆ ಕುಳಿತಿರುವಾಗಲೇ ಅವಳಿಗೆ ಥಟ್ಟನೆ ಒಂದು ಮಾತು ಹೊಳೆಯಿತು. ಸತ್ತರೆ ಹೊನ್ನಿ ಎಲ್ಲಿಗೆ ಹೋಗುತ್ತಾಳೆ? ಅವರ ಬಳಿಗೇ! ನಾನಿಲ್ಲಿ ಹಣೆ ಬೋಳಾಗಿ ಕುಳಿತಿರುವಾಗ ಅವಳು ಅಲ್ಲಿ ಹೋಗಿ ಅವರ ಬಗಲಿಗೆ ಮೂಗು ತೂರಿಸಿ ನಿಲ್ಲುತ್ತಾಳೆ!

‘ಹಾಂ, ಹಾಂ, ಇದೋ ನಿನ್ನ ಹೂಟ!’ ಎಂದು ನಾಗತಿ ದಡಕ್ಕನೆ ಎದ್ದಳು. ಕಂಬಳಿಯನ್ನು ಕೊಡಲಿಲ್ಲ, ತಾನೇ ಹೊದ್ದಳು. ಹಗಲು ಹೊತ್ತಿನಲ್ಲೇ, ಊರು ನೋಡುತ್ತಿರುವಂತೆಯೇ, ಮೊರದ ತುಂಬ ನೆನೆದ ಹುರುಳಿ ಹಿಡಿದು ದೊಡ್ಡಿಗೆ ನಡೆದಳು. ‘ಏಳೇ ಬೇಕೂಫಿ! ನನಗಿಂತ ಮೊದಲು ಹೋಗುತ್ತೀಯಾ? ನಾನಿರುವ ತನಕ ಸಾಯಲು ಬಿಟ್ಟರೆ ಕೇಳು!’ ಎಂದು ಬೈಯುತ್ತ ನೆಲದ ಮೇಲೆ ಕುಳಿತಳು. ಹೊನ್ನಿಯ ಕಿವಿ ಅಲುಗಿತು. ತಲೆಯೆತ್ತಿ, ಕಂಬಳಿಯ ಅಂಚಿನಲ್ಲಿ ಮೂಗಾಡಿಸಿ, ಸರಕ್ಕನೆ ನಾಗತಿಯ ಬಗಲಿಗೆ ಮುಖ ತೂರಿಸಿ ಉಸಿರೆಳೆದುಕೊಂಡಿತು. ಎಳೆದ ಉಸಿರು ಬಿಡಲೊಲ್ಲದು. ಆಮೇಲೆ ಅವಳ ಅಂಗೈಯಿಂದ ಹುರುಳಿ ತಿಂದಿತು. ನಾಗತಿಯೂ ಕಂಬಳಿಗೆ ಮೂಗಿಟ್ಟಳು. ಎಷ್ಟೋ ದಿನದಿಂದ ಅವಳು ಮೂಸಿ ಮೂಸಿ ಹುಡುಕುತ್ತಿದ್ದಳು, ಉಣ್ಣೆಯ ವಾಸನೆಯ ಹೊರತು ಅವಳಿಗೆ ಏನೂ ಸಿಗುತ್ತಿರಲಿಲ್ಲ. ‘ನನಗೆ ಬರೀ ಕುರಿ ವಾಸನೆ ಕಣೇ. ನಿನಗೆ ಅವರು ಇನ್ನೂ ಸಿಗುತ್ತಾರಲ್ಲೇ, ಹೊಟ್ಟೆ ಉರಿಯುತ್ತದೆ ನನಗೆ’ ಎಂದು ಸವತಿಯ ಕೊರಳು ತಬ್ಬಿ ಗೋಳೋ ಎಂದು ಅತ್ತಳು. ಚಿತ್ತಯ್ಯ ಬಾಗಿಲಾಚೆ ನಿಂತು ಇದನ್ನು ಕೇಳಿದ. ಅವನಿಂದಲೇ ಊರಿಗೆ ತಿಳಿದದ್ದು.

ಅಂದಿನಿಂದ ನಾಗತಿ ದಿನವೂ ಕಂಬಳಿ ಹೊದ್ದು ದೊಡ್ಡಿಗೆ ಹೋಗುತ್ತಿದ್ದಳು. ಇಬ್ಬರ ಜಗಳ ಹುಣಸೆಸಾಲಿನ ತನಕ ಕೇಳಿಸುತ್ತಿತ್ತಂತೆ. ಇಬ್ಬರದೇನು, ಒಬ್ಬಳದೇ. ಹೊನ್ನಿ ಸ್ವಲ್ಪ ಕೆಮ್ಮಿದರೆ ಸಾಕು, ಮೊದಲು ಹೋಗುವ ಯೋಚನೆಯೇನೇ ಎಂದು ಗದರಿ ಔಷಧಿ ಅರೆದು ನೆಕ್ಕಿಸುತ್ತಿದ್ದಳು. ಹುಲ್ಲೆಯೊಂದು ಅಷ್ಟು ಕಾಲ ಬದುಕಿದ್ದನ್ನು ಯಾರೂ ಕಂಡಿರಲಿಲ್ಲ. ಕೊನೆಗೆ ಒಂದು ಬೆಳಗ್ಗೆ ನಾಗತಿ ದೊಡ್ಡಿಯಲ್ಲೇ, ಹೊನ್ನಿಯ ಮೈಗೆ ಒರಗಿ ಕುಳಿತಂತೆಯೇ ತೀರಿಕೊಂಡಿದ್ದಳು. ಹೊನ್ನಿ ಮೆಲುಕು ಹಾಕುತ್ತಿತ್ತು. ಪಂದ್ಯ ಗೆದ್ದವಳ ಕಳೆ ನಾಗತಿಯ ಮುಖದ ಮೇಲಿತ್ತು ಎನ್ನುತ್ತಾರೆ.

ಈಗ ಅಲ್ಲಿಗೆ ಹೋದವರು ಗೂಡು, ಬಾನಿಗಳನ್ನೆಲ್ಲ ನೋಡಿ ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಗೋಡೆಯ ಮೂಲೆಯಲ್ಲಿ, ಲಂಟಾನದ ಪೊದೆಯ ಮರೆಯಲ್ಲಿರುವ ವೀರಗಲ್ಲನ್ನು ಅನೇಕರು ನೋಡುವುದಿಲ್ಲ. ಅದನ್ನು ನಾಗತಿ ತಾನು ಬದುಕಿದ್ದಾಗಲೇ ಮಾಡಿಸಿದ್ದು. ಯುದ್ಧದಲ್ಲಿ ಮಡಿದವನ ಎರಡು ಪಕ್ಕಕ್ಕೆ ಅವನ ಹೆಂಡಿರನ್ನು ಕೆತ್ತುವುದು ವಾಡಿಕೆ. ಇಲ್ಲಿ ಬಲಕ್ಕೆ ನಾಗತಿ ಇದ್ದಾಳೆ, ಎಡಕ್ಕೆ ಒಂದು ಹುಲ್ಲೆ ಇದೆ. ಹುಲ್ಲೆಯನ್ನು ಒಂದು ಗೇಣು ಕೆಳಗೆ ಕೆತ್ತು ಎಂದು ಕಲ್ಲುಕುಟಿಗನಿಗೆ ಅವಳೇ ನಿಂತು ಹೇಳಿದಳಂತೆ, ಅದು ಹಾಗೆಯೇ ಇದೆ. ಊರಿನ ಹೆಂಗಸರು ಇಂದಿಗೂ ಸೋಮವಾರ ಅಲ್ಲಿಗೆ ಹೋಗುತ್ತಾರೆ. ಮೊದಲು ನಾಗತಿಗೆ ಕುಂಕುಮ, ಆಮೇಲೆ ಹೊನ್ನಿಗೆ ಒಂದು ಹಿಡಿ ಗರಿಕೆ. ತಿಳಿಯದ ಹೊಸ ಸೊಸೆ ಯಾರಾದರೂ ಗರಿಕೆಯನ್ನು ಮೊದಲು ಇಡಲು ಹೋದರೆ, ಮುದುಕಿಯರು ಅವಳ ಕೈ ಹಿಡಿದು ತಡೆಯುತ್ತಾರೆ.